ಕರೆಂಟ್ ಹೋದಾಗ ಕೇಳಿದ ಸಾಕ್ಷಿ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಪಿಸುಮಾತು ಬಲ್ಲವರು ಕಡಿಮೆ. ದಿನವಿಡೀ ಮನೆಮನೆಯಲ್ಲೂ ಪವರ್‌ಲೂಮ್ ಖಟಖಟ ಅನ್ನುತ್ತಿರುವಾಗ ಪಿಸುಗುಟ್ಟಿದರೆ ಕೇಳುವುದು ಯಾರಿಗೆ? ಇಲ್ಲಿ ಗಂಡ ಹೆಂಡತಿ ಸರಸವಾಡುವುದೂ ಕೂಗಿಯೇ. ಹಾಗೆಂದು ಯಾರ ಗುಟ್ಟೂ ಬಯಲಾಗುವುದಿಲ್ಲ. ಎಲ್ಲವೂ ಮಗ್ಗದ ಸದ್ದಿನೊಳಗೆ ಕ್ಷೇಮವಾಗಿರುತ್ತವೆ, ಕರೆಂಟ್ ಇರುವ ತನಕ.

ಅನಸವ್ವ ಈ ಓಣಿಯ ಸೊಸೆ. ಮಗ್ಗದ ಮುಂದೆ ನಿಂತರೆ ಅವಳಷ್ಟು ದೊಡ್ಡ ಗಂಟಲು ಇನ್ನೊಬ್ಬರಿಗಿಲ್ಲ. ಅದೇ ಅನಸವ್ವ ಭಾನುವಾರ ಪ್ರಾರ್ಥನಾ ಮಂದಿರದಲ್ಲಿ, ಎಲ್ಲರೂ ಸುಮ್ಮನೆ ಕೂತು ತನ್ನ ಬಾಯನ್ನೇ ನೋಡುವಾಗ, ಮೂಕಿಯಾಗಿಬಿಡುತ್ತಿದ್ದಳು. "ದೇವರು ನಿಮಗ ಏನ ಮಾಡ್ಯಾನಂತ ಈ ಸಲ ನಿಮ್ಮ ಸಾಕ್ಷಿ ಹೇಳ್ರೀ ಅಕ್ಕಾರ" ಎಂದು ಪಾಸ್ಟರ್ ನವೀನ ಕರೆದಾಗಲೆಲ್ಲ ಎದ್ದು ನಿಂತು, "ದೇವರಿಗೆ ಸ್ತೋತ್ರ" ಎಂದು ಹೇಳಿ ಕೂತುಬಿಡುವುದು ಅವಳ ಪದ್ಧತಿ.

ಹೇಳಲು ಇರಲಿಲ್ಲವೆಂದಲ್ಲ. ಮೂರು ವರ್ಷದ ಹಿಂದೆ ಕೈಗೂಸು ತೀರಿಕೊಂಡಾಗ ಅವಳು ಗೋಡೆಗೆ ಮುಖಮಾಡಿ ಮಲಗಿದವಳು ಏಳಲೇ ಇಲ್ಲ. ಊಟ ಬೇಡ, ಸ್ನಾನ ಬೇಡ, ಯಾರ ಮಾತೂ ಬೇಡ. ಕೊನೆಗೆ ಪಕ್ಕದ ಮನೆಯ ಶೇವಂತಿ ತಾನು ಹೋಗುವ ಪ್ರಾರ್ಥನೆಗೆ ಕರೆದಳು. ಅಲ್ಲಿ ಹಾಡು ಕೇಳುತ್ತ ಅನಸವ್ವ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅತ್ತ ಮೇಲೆ ಹಸಿವಾಯಿತು. ಯೇಸುಸ್ವಾಮಿ ತನ್ನ ಮಗ್ಗುಲಲ್ಲಿ ಕೂತು ತನ್ನೊಡನೆ ಅತ್ತನೆಂದು ಅವಳು ನಂಬಿದಳು. ಆ ನಂಬಿಕೆಯ ಒಂದು ಎಳೆಯೂ ಇವತ್ತಿನ ತನಕ ಹರಿದಿಲ್ಲ.

ಆದರೆ ಆ ಮಂದಿರದ ತನಕ ಅವಳನ್ನು ನಡೆಸಿಕೊಂಡು ಹೋದವಳು ಅತ್ತೆ ಸತ್ಯವ್ವ. ಹಣೆಗೆ ಭಂಡಾರ ಹಚ್ಚದೆ ಹೊಸ್ತಿಲು ದಾಟದ ಬೀರೇಶ್ವರನ ಭಕ್ತೆ. ಸೊಸೆಯ ಕಾಲಲ್ಲಿ ಬಲವಿಲ್ಲವೆಂದು ರಟ್ಟೆ ಹಿಡಿದು ಮಂದಿರದ ಬಾಗಿಲಿಗೆ ಬಿಟ್ಟು, ಹೊರಗೆ ಬೇವಿನ ಮರದ ಕೆಳಗೆ ಎಲೆ ಅಡಿಕೆ ಮೆಲ್ಲುತ್ತ ಕಾಯುತ್ತಿದ್ದಳು. ಒಳಗೆ ಕರೆದರೆ, "ನನಗ ನನ್ನ ಬೀರಪ್ಪ ಅದಾನ. ನೀ ಹೋಗಿ ಬಾ" ಅನ್ನುತ್ತಿದ್ದಳು. ಸೊಸೆಯ ಕಾಲು ಗಟ್ಟಿಯಾದ ಮೇಲೂ ಆ ರೂಢಿ ಬಿಡಲಿಲ್ಲ.

ತೊಡಕು ಇದ್ದದ್ದು ಇಲ್ಲಿಯೇ. ಉಳಿದವರ ಸಾಕ್ಷಿಯಲ್ಲಿ ಪ್ರಾರ್ಥನೆಗೆ ಹೋದದ್ದಕ್ಕೆ ಮನೆಯವರು ಬೈದದ್ದು, ಹೊರಗೆ ಹಾಕಿದ್ದು ಬರುತ್ತಿತ್ತು. ಅನಸವ್ವನ ಸಾಕ್ಷಿಯಲ್ಲಿ ಅತ್ತೆ ಬೇವಿನ ಮರದ ಕೆಳಗೆ ಕೂತಿದ್ದಳು. ಅವಳನ್ನು ಬಿಟ್ಟರೆ ಸಾಕ್ಷಿ ಸುಳ್ಳಾಗುತ್ತದೆ. ಸೇರಿಸಿದರೆ ಮಂದಿರದವರು ಏನಂದಾರು? ಹೊಗಳಿಕೆ ಎಂದರೆ ಆಗದ ಅತ್ತೆ ಏನಂದಾಳು? ಇಷ್ಟು ಮಾಡಿದವಳಿಗೆ ಇವತ್ತಿಗೂ ಒಂದು ಒಳ್ಳೆಯ ಮಾತು ಹೇಳಿಲ್ಲವಲ್ಲ ಎಂದು ಅನಸವ್ವನಿಗೆ ಒಳಗೊಳಗೇ ಸಂಕಟ.

ಶನಿವಾರ ಮಧ್ಯಾಹ್ನ ಗಂಡ ಶಿವಪುತ್ರ ನೂಲು ತರಲು ರಬಕವಿಗೆ ಹೋಗಿದ್ದ. ಅತ್ತೆ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ಯಂತ್ರದಲ್ಲಿ ನೂಲು ಸುತ್ತುತ್ತಿದ್ದಳು. ಮಗ್ಗದ ಗದ್ದಲದಲ್ಲಿ ಅವಳಿಗೇನೂ ಕೇಳದು. ನಾಳೆಯಾದರೂ ಹೇಳಲೇಬೇಕೆಂದು ಅನಸವ್ವ ಸೀರೆ ನೇಯುತ್ತಲೇ ಸಾಕ್ಷಿಯ ತಾಲೀಮಿಗೆ ಗಂಟಲು ಏರಿಸಿದಳು.

"ನಾ ಸತ್ತಾಂಗ ಬಿದ್ದಿದ್ನಿ! ಯೇಸುಸ್ವಾಮಿ ನನ್ನ ಎಬ್ಬಿಸಿದಾ! ಅವಂಗ ಕೋಟಿ ಸ್ತೋತ್ರ! ಖರೆ, ಎಬ್ಬಿಸಾಕ ಅವಾ ಯಾರ್ನ ಹಚ್ಚಿದಾ ಗೊತ್ತೇನ್ರೀ? ನಮ್ಮತ್ತಿನ್ನ! ನಮ್ಮತ್ತಿ ಬಾಯಿ..."

ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಅನಸವ್ವ ಮಾತ್ರ ನಿಲ್ಲಲಿಲ್ಲ.

"...ಬಾಳ ಕೆಟ್ಟ ಐತಿ! ಆದ್ರ ಮನಸು ಬಂಗಾರ!"

ಆ ಬಂಗಾರದ ಮಾತು ಓಣಿಯ ಕೊನೆಯ ಮನೆಗೂ ಮುಟ್ಟಿತು. ಎದುರು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೋಡೆಯಾಚೆಯಿಂದ ಶೇವಂತಿ "ಹಲ್ಲೆಲೂಯಾ!" ಎಂದಳು. ಸತ್ಯವ್ವ ಕಂಡಿಕೆ ಹಿಡಿದುಕೊಂಡೇ ತಿರುಗಿದಳು.

"ಯಾರ ಬಾಯಿ ಕೆಟ್ಟ ಐತ್ಲೇ?"

"ಅದು... ಸಾಕ್ಷಿ ರೀ ಅತ್ತಿ. ನಾಳೆ ಮಂದಿರದಾಗ ಹೇಳೂದೈತ್ರಿ." ಅನಸವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸತ್ಯವ್ವ ಕಂಡಿಕೆ ಕೆಳಗಿಟ್ಟಳು. "ಸಾಕ್ಷಿ ಅಂದ ಮ್ಯಾಲ ಎಲ್ಲಾ ಖರೆ ಹೇಳಬೇಕು. ಮೊದಲನೇ ದಿನಾ ನಾ ನಿನ್ನ ದಾರಿ ತುಂಬಾ ಬೈಕೋಂತ ಕರಕೊಂಡ ಹೋಗೇನಿ. ಅದನ್ನೂ ಹೇಳು. ಬರೇ ಬಂಗಾರ ಅಂದ್ರ ಯಾರು ನಂಬತಾರ?" ಎಂದವಳೇ ಮತ್ತೆ ಬೆನ್ನು ತಿರುಗಿಸಿದಳು. ಕರೆಂಟ್ ಇಲ್ಲದಿದ್ದರೂ ಕಂಡಿಕೆಯ ಯಂತ್ರದ ಮುಂದೆ ಹಾಗೆಯೇ ಕೂತಿದ್ದಳು.

ಭಾನುವಾರ ಅನಸವ್ವ ಎದ್ದು ನಿಂತಾಗ ಮಂದಿರ ಗಪ್ಪಾಯಿತು. "ದೇವರಿಗೆ ಸ್ತೋತ್ರ" ಎಂದಳು. ಇನ್ನೇನು ಕೂರಬೇಕು, ಬಾಗಿಲಿನಿಂದ ಒಂದು ದನಿ ಬಂತು.

"ಆಕಿಗೆ ಸಪ್ಪಳ ಇಲ್ದ ಮಾತ ಬರೂದಿಲ್ರೀ. ಯಾರರ ಏನರ ಬಾರಸ್ರಿ!"

ಸತ್ಯವ್ವ ಚಪ್ಪಲಿ ಕಳಚಿ ಹೊಸ್ತಿಲ ಮೇಲೆ ನಿಂತಿದ್ದಳು. ಢೋಲಕ್ಕಿನ ಮುರಗೆಪ್ಪ ಪಾಸ್ಟರನ ಮುಖ ನೋಡಿದ. ನವೀನ ನಗುತ್ತ ತಲೆಯಾಡಿಸಿದ. ಢೋಲಕ್ ಶುರುವಾಯಿತು, ಜನ ಚಪ್ಪಾಳೆ ತಟ್ಟಿದರು, ಆ ಗದ್ದಲದೊಳಗೆ ಅನಸವ್ವನ ಬಾಯಿ ಬಿಚ್ಚಿತು. ಗೋಡೆಗೆ ಮುಖಮಾಡಿ ಮಲಗಿದ್ದು, ಅತ್ತದ್ದು, ಹಸಿವಾದದ್ದು, ಅತ್ತೆ ದಾರಿ ತುಂಬ ಬೈದದ್ದು, ಬೇವಿನ ಮರ, ಎಲ್ಲವನ್ನೂ ಕೂಗಿ ಹೇಳಿದಳು. ಕೇಳುತ್ತ ಕೇಳುತ್ತ ಚಪ್ಪಾಳೆ ನಿಂತಿತು. ಮುರಗೆಪ್ಪ ಬಾರಿಸುವುದನ್ನೇ ಮರೆತ.

ಮೌನ ಅನಸವ್ವನಿಗೆ ತಡವಾಗಿ ಗೊತ್ತಾಯಿತು. ಅವಳ ದನಿ ಇಳಿಯಿತು. ಬಾಗಿಲ ಕಡೆ ನೋಡಿ ಮೆಲ್ಲಗೆ, "ಅತ್ತಿ, ನೀವು ಕೈ ಹಿಡದ್ರಿ ಅಂತ ನಾ ಇಲ್ಲಿತನಾ ಬಂದೇನ್ರಿ" ಎಂದಳು.

ಮಂದಿರದಲ್ಲಿ ಎಲ್ಲರಿಗೂ ಅದು ಕೇಳಿತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದ ಒಬ್ಬಳನ್ನು ಬಿಟ್ಟು.

"ಏನಂದಿ? ಜೋರಾಗಿ ಹೇಳಲೇ!" ಎಂದಳು ಸತ್ಯವ್ವ, ಕಿವಿಗೆ ಕೈ ಹಿಡಿದು.

ಢೋಲಕ್ ಇಲ್ಲ, ಚಪ್ಪಾಳೆ ಇಲ್ಲ, ಮಗ್ಗವೂ ಇಲ್ಲ. ಅನಸವ್ವ ಎದೆ ತುಂಬ ಉಸಿರೆಳೆದುಕೊಂಡು, ತಗಡಿನ ಮಾಡು ನಡುಗುವಂತೆ ಆ ಮಾತನ್ನು ಇನ್ನೊಮ್ಮೆ ಕೂಗಿದಳು.

"ಹಾಂ, ಈಗ ಕೇಳಸ್ತು" ಎಂದ ಸತ್ಯವ್ವ ಆ ದಿನ ಬೇವಿನ ಮರದ ಕಡೆಗೆ ಹೋಗಲಿಲ್ಲ. ಹೊಸ್ತಿಲ ಮೇಲೆಯೇ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು.