ಥರ್ಜಾಳ ಕಾಲರು

ಲಾಂಡ್ರಿಯ ಹೆಂಗಸರು ಮುಂಬಾಗಿಲಿನಿಂದ ಒಳಗೆ ಬರಬೇಕೋ ಹಿತ್ತಿಲ ಬಾಗಿಲಿನಿಂದ ಬರಬೇಕೋ ಎಂಬ ಗಹನವಾದ ಪ್ರಶ್ನೆ, 1937ರ ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಥಾರ್ನ್‌ಬೆಕ್ ಊರಿನ ಲ್ಯಾಟಿನ್ ಮೇಷ್ಟರ ಮನೆಯ ಮೆಟ್ಟಿಲ ಮೇಲೆ ಇತ್ಯರ್ಥಕ್ಕೆ ಬಂದು ನಿಂತಿತು. ಲೊಟ್ಟಿ ಸ್ಪರಲ್ ಬಾಗಿಲು ಬಡಿಯುವ ಹಿತ್ತಾಳೆ ಬಳೆಯನ್ನು ಎತ್ತಿ ಹಿಡಿದಾಗಿತ್ತು, ಇನ್ನೂ ಬಡಿದಿರಲಿಲ್ಲ. ಅವಳ ಹಿಂದೆ ಮೂವರು, ಎಲ್ಲರೂ ವಯಸ್ಸಾದವರು, ಕರಿ ಟೋಪಿಯವರು, ಕೈಗಳು ಮಾತ್ರ ಬೇಯಿಸಿದ ಹಾಗೆ ಕೆಂಪು. ಕೊನೆಯವಳ ತೋಳಲ್ಲಿ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ.

ಒಳಗಿನಿಂದ ಮ್ಯೂರಿಯಲ್ ಪರದೆ ಸರಿಸಿ ನೋಡಿದಳು. ಸತ್ತವಳು ಅವಳ ಅತ್ತೆ ಥರ್ಜಾ ಗ್ಯಾಮನ್. ಹಿತ್ತಿಲ ಬಾಗಿಲು ತೆಗೆದೇ ಇದೆ ಎಂದು ಅವರಿಗೆ ತಿಳಿಸುವಂತೆ ಗಂಡನಿಗೆ ಹೇಳಿದಳು. "ಪಾಪ, ಅವರಿಗೆ ಅಭ್ಯಾಸ ಆಗಿರೋದೂ ಅದೇ ಅಲ್ವಾ," ಎಂದಳು. ಮ್ಯೂರಿಯಲ್ ಕೆಟ್ಟವಳಲ್ಲ; ಹನ್ನೊಂದಕ್ಕೆ ಮುಂಚೆ ಹೆಡ್‌ಮಾಸ್ಟರರ ಹೆಂಡತಿ ಬರುವವಳಿದ್ದಳು, ಅಷ್ಟೆ.

ಗಂಡ ಲಯನೆಲ್ ಗ್ಯಾಮನ್ ಬಾಗಿಲು ತೆಗೆದ. ನಲವತ್ಮೂರು ವರ್ಷದ, ತೆಳ್ಳನೆಯ, ಯಾವಾಗಲೂ ಯಾರಿಗೋ ದಾರಿ ಬಿಟ್ಟುಕೊಡುವಂತೆ ಪಕ್ಕಕ್ಕೆ ನಿಲ್ಲುವ ಮನುಷ್ಯ. ಹಿತ್ತಿಲ ವಿಷಯ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಒಳಗೆ ಬನ್ನಿ ಎನ್ನಲೂ ಬರಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ಓದಿದ ಲೊಟ್ಟಿ ಬಳೆಯನ್ನು ಸದ್ದಾಗದಂತೆ ಕೆಳಗಿಳಿಸಿ, "ಬರ್ರೇ, ಹಿಂದಿಂದ ಹೋಗೋಣ. ಇಲ್ಲಿ ಜಮಖಾನ ಹಾಸವ್ರೆ," ಎಂದು ಮಿಕ್ಕವರನ್ನು ತಿರುಗಿಸಿಕೊಂಡು ಹೋದಳು. ಪ್ರಶ್ನೆ ಬಗೆಹರಿಯಿತು.

ಅಡಿಗೆಮನೆಯ ಮೇಜಿನ ಮೇಲೆ, ಶವಸಂಸ್ಕಾರದ ನಂತರದ ಊಟಕ್ಕೆಂದು ಹೆಚ್ಚಿಟ್ಟ ಹಂದಿಮಾಂಸದ ತಟ್ಟೆಗಳನ್ನು ಸರಿಸಿ, ಅವರು ಪೆಟ್ಟಿಗೆ ತೆರೆದರು. ಒಳಗೆ ಒಂದು ಕಾಲರು ಇತ್ತು. ಶಾಲೆಯ ಚಿಕ್ಕ ಹುಡುಗರು ಕೋಟಿನ ಮೇಲೆ ಹೊರಗೆ ಹಾಸಿಕೊಳ್ಳುವಂಥ ಅಗಲವಾದ, ಬಿಳಿಯ, ಗಟ್ಟಿ ಕಾಲರು. ಪಿಂಗಾಣಿಯ ಹಾಗೆ ಹೊಳೆಯುತ್ತಿತ್ತು. ಉಗುರಿನಿಂದ ತಟ್ಟಿದರೆ ತಟ್ಟೆ ತಟ್ಟಿದ ಸದ್ದು ಬರಬೇಕು, ಅದು ಒಳ್ಳೆಯ ಗಂಜಿಯ ಗುರುತು. ಲೊಟ್ಟಿ ತಟ್ಟಿ ತೋರಿಸಿದಳು.

ಲಾಂಡ್ರಿಯಲ್ಲಿ ಕಾಲರುಗಳಿಗೆ ಇಸ್ತ್ರಿ ಹಾಕುವ ಕಾಲರ್ ಮೇಜಿನವರದು ಒಂದು ಹಳೆಯ ಪದ್ಧತಿ. ಆ ಮೇಜಿನ ಹೆಂಗಸು ಸತ್ತರೆ ಉಳಿದವರು ಅವಳಿಗೊಂದು ಕಾಲರು ಮಾಡುತ್ತಾರೆ. ಒಬ್ಬಳು ಗಂಜಿಗೆ ಅದ್ದುತ್ತಾಳೆ, ಒಬ್ಬಳು ಒರೆಸುತ್ತಾಳೆ, ಒಬ್ಬಳು ಇಸ್ತ್ರಿ ಎಳೆಯುತ್ತಾಳೆ, ಇನ್ನೊಬ್ಬಳು ಭಾರದ ಕಬ್ಬಿಣದಿಂದ ಉಜ್ಜಿ ಹೊಳಪು ಕೊಡುತ್ತಾಳೆ. ಬದುಕಿಡೀ ಪರರ ಮಕ್ಕಳ ಕೊರಳಿಗೆ ದುಡಿದವಳು ಕೊನೆಗೊಮ್ಮೆ ಒಂದನ್ನು ತಾನೇ ತೊಟ್ಟು ಮಣ್ಣಿಗೆ ಹೋಗುತ್ತಾಳೆ. ಬೆಡ್‌ಶೀಟ್ ಮೇಜಿನವರಿಗೆ ಈ ಮರ್ಯಾದೆ ಇಲ್ಲ. ಥರ್ಜಾ ಕೊನೆಯ ಮೂವತ್ತು ವರ್ಷ ಇದ್ದದ್ದು ಬೆಡ್‌ಶೀಟ್ ಮೇಜಿನಲ್ಲಿ. ಆದರೂ ಈ ನಾಲ್ವರು ಮಂಗಳವಾರ ಸಂಜೆ ಕೂತು, ವಾದ ಮಾಡಿ, ಅವಳಿಗೆ ಇದು ಸಲ್ಲಬೇಕೆಂದು ತೀರ್ಮಾನಿಸಿದ್ದರು. ಅವಳೇ ಕೇಳಿಕೊಂಡಿದ್ದಳಂತೆ, ಬೇಸಗೆಯಲ್ಲಿ, ಎದೆನೋವು ಶುರುವಾದಾಗ. ಯಾವತ್ತೂ ಏನೂ ಕೇಳದವಳು.

ಲಯನೆಲ್ ಕಾಲರನ್ನು ನೋಡಿದ. ಹೆಡ್‌ಮಾಸ್ಟರರ ಹೆಂಡತಿ ಬಂದು ಶವಪೆಟ್ಟಿಗೆಯೊಳಗೆ ಬಗ್ಗುವುದನ್ನು, ಹನ್ನೆರಡು ವರ್ಷದ ಹುಡುಗನ ಕಾಲರು ತೊಟ್ಟು ಮಲಗಿರುವ ಎಪ್ಪತ್ತರ ಮುದುಕಿಯನ್ನು ಕಾಣುವುದನ್ನು, ಆಮೇಲೆ ಇದೇನೆಂದು ಮೆಲ್ಲಗೆ ವಿಚಾರಿಸುವುದನ್ನು ಮನಸ್ಸಿನಲ್ಲೇ ಕಂಡ. ಅವನ ತಾಯಿ ರೈಲ್ವೆಯ ಗುಮಾಸ್ತರೊಬ್ಬರ ವಿಧವೆ ಎಂದಷ್ಟೇ ಶಾಲೆಯವರಿಗೆ ಗೊತ್ತಿತ್ತು. ಅದು ಸುಳ್ಳೇನಲ್ಲ.

ತುಂಬ ಉಪಕಾರವಾಯಿತು, ಆದರೆ ಇದು ಸರಿಹೋಗಲಿಕ್ಕಿಲ್ಲ, ಜನ ತಪ್ಪು ತಿಳಿದಾರು ಎಂದು ಅವನು ವಿನಯದಿಂದ ಹೇಳಿದ. ಯಾವ ಜನ ಎಂದು ಯಾರೂ ಕೇಳಲಿಲ್ಲ.

*

ಆ ಊರಿಗೆ ಶಾಲೆಯೇ ಗಿರಣಿ, ಶಾಲೆಯೇ ಬಂದರು. ಐದಡಿ ನಾಲ್ಕಂಗುಲಕ್ಕಿಂತ ಗಿಡ್ಡ ಇರುವ ಹುಡುಗರು ಸೊಂಟಕ್ಕೆ ನಿಲ್ಲುವ ಕರಿಯ ಮೋಟು ಕೋಟು, ಅದರ ಮೇಲೆ ಆ ಅಗಲ ಕಾಲರು ತೊಡಬೇಕು. ಅಳತೆ ದಾಟಿದ ದಿನ ಉದ್ದ ಬಾಲದ ಕೋಟು, ಸಣ್ಣ ಕಾಲರು. ಕರಿಬಟ್ಟೆ ಯಾವನೋ ರಾಜ ಸತ್ತ ಸೂತಕಕ್ಕೆ ಶುರುವಾದದ್ದು ಎಂದು ಊರವರ ನಂಬಿಕೆ. ರಾಜ ಯಾರೆಂದು ಮರೆತುಹೋಗಿದೆ; ಸೂತಕ ಮಕ್ಕಳ ಮೈಮೇಲೆ ಉಳಿದಿದೆ.

1906ರಲ್ಲಿ ಲಯನೆಲ್‌ಗೆ ಪರೀಕ್ಷೆಯಲ್ಲಿ ಗೆದ್ದು ಆ ಶಾಲೆಯಲ್ಲಿ ಬಿಟ್ಟಿ ಸೀಟು ಸಿಕ್ಕಿತು. ಶಾಲೆಯ ಕಾಲರುಗಳೆಲ್ಲ ಬರುತ್ತಿದ್ದುದು ತಾಯಿಯ ಲಾಂಡ್ರಿಗೆ. ಥರ್ಜಾ ಆಗ ಕಾಲರ್ ಮೇಜಿನ ತಲೆಯಲ್ಲಿ, ಕಿಟಕಿಯ ಪಕ್ಕ ನಿಲ್ಲುತ್ತಿದ್ದವಳು. ಅಂಥ ಕೈ ಆ ಜಿಲ್ಲೆಯಲ್ಲೇ ಇರಲಿಲ್ಲ. ನಾನೂರು ಕಾಲರುಗಳ ರಾಶಿಯಿಂದ ಮಗನದನ್ನು ಆರಿಸಿ ಎತ್ತಿಕೊಂಡು, ಉಳಿದವಕ್ಕೆ ಎರಡು ಸಲ ಉಜ್ಜಿದರೆ ಅದಕ್ಕೆ ಐದು ಸಲ ಉಜ್ಜುತ್ತಿದ್ದಳು. ಅವಳಿಂದ ಕೊಡಲಾಗುತ್ತಿದ್ದದ್ದು ಅದೊಂದೇ.

ಪರಿಣಾಮ ಮೊದಲ ವಾರವೇ ಗೊತ್ತಾಯಿತು. ಹುಡುಗರು ಅವನನ್ನು ಗೋಡೆಗೆ ನಿಲ್ಲಿಸಿ, ಅವನ ಕಾಲರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳತೊಡಗಿದರು. "ಅಲ್ಲಾಡಬೇಡ್ವೋ ಕನ್ನಡಿ, ನಂದಿನ್ನೂ ಬೈತಲೆ ಆಗಿಲ್ಲ," ಎಂದೊಬ್ಬ. ಯಾರಮ್ಮನ ಕೈಗೆ ಇಷ್ಟು ಪುರಸೊತ್ತು ಎಂದು ಇನ್ನೊಬ್ಬ ಕೇಳಿದ. ಮೂರನೆಯವನಿಗೆ ಉತ್ತರ ಗೊತ್ತಿತ್ತು.

ಅಂದಿನಿಂದ ಲಯನೆಲ್ ಬೆಳಿಗ್ಗೆ ಶಾಲೆಯ ಗೇಟು ತಲುಪುವ ಮುಂಚೆ ಕುದುರೆಗಳು ನೀರು ಕುಡಿಯುವ ಕಲ್ಲುತೊಟ್ಟಿಯ ಹತ್ತಿರ ನಿಂತು, ಅಂಗೈಯಲ್ಲಿ ನೀರೆತ್ತಿ ಕಾಲರಿಗೆ ಸವರಿಕೊಳ್ಳುತ್ತಿದ್ದ. ಹೊಳಪು ಹೋಗಿ ಅದು ಎಲ್ಲರ ಕಾಲರಿನಂತಾಗುತ್ತಿತ್ತು. ಚಳಿಗಾಲದಲ್ಲಿ ತೊಟ್ಟಿಯ ಮೇಲಿನ ಮಂಜುಗಡ್ಡೆಯನ್ನು ಮೊಣಕೈಯಿಂದ ಒಡೆಯಬೇಕಾಗುತ್ತಿತ್ತು. ಒದ್ದೆ ಕಾಲರು ಮಧ್ಯಾಹ್ನದವರೆಗೂ ಕುತ್ತಿಗೆ ಕೊರೆಯುತ್ತಿತ್ತು. ಜನವರಿಯ ಹೊತ್ತಿಗೆ ಕಾಲರುಗಳು ತಾವಾಗಿಯೇ ಮಂಕಾಗಿ ಬರತೊಡಗಿದವು. ದೇವರು ದೊಡ್ಡವನು ಎಂದುಕೊಂಡು ಅವನು ತೊಟ್ಟಿಗೆ ಹೋಗುವುದನ್ನು ನಿಲ್ಲಿಸಿದ.

*

ಉಳಿದ ಮೂವರನ್ನು ಚರ್ಚಿಗೆ ಕಳಿಸಿ ಲೊಟ್ಟಿ ಅಡಿಗೆಮನೆಯಲ್ಲೇ ಕೂತಳು. ಲಯನೆಲ್ ಸೌಜನ್ಯಕ್ಕೆ ಒಂದು ಲೋಟ ಚಹಾ ಬಗ್ಗಿಸಿಕೊಟ್ಟ.

"ಆ ತೊಟ್ಟಿ ಎಲ್ಲಿತ್ತು, ನೆನಪೈತಾ ಕಂದಾ?" ಎಂದಳು.

ಅವನ ಕೈ ಚಹಾದ ಕುಡಿಕೆಯ ಮೇಲೇ ಉಳಿಯಿತು. ಆ ವಿಷಯ ಅವನು ಈ ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ.

"ನಮ್ಮ ಮೇಲಂತಸ್ತಿನ ಕಿಟಕಿಗೆ ಸರಿಯಾಗಿ ಕೆಳಗೆ," ಎಂದಳು ಲೊಟ್ಟಿ. "ಅವಳು ನಿಲ್ತಿದ್ದ ಜಾಗದಿಂದ ಚೆನ್ನಾಗಿ ಕಾಣೋದು. ಮೊದಲ ದಿನ ಏನೋ ಮುಖ ತೊಳೀತವ್ನೆ ಅಂದ್ಕೊಂಡ್ಲು. ಆಮೇಲೆ ದಿನಾ ನೋಡಿದ್ಲು. ನನಗೂ ತೋರಿಸಿದ್ಲು."

ಕ್ರಿಸ್‌ಮಸ್ ಕಳೆದ ಮೇಲೆ, ಮಂಜುಗಡ್ಡೆ ಒಡೆಯುವುದನ್ನು ಕಂಡ ದಿನ, ಥರ್ಜಾ ಮಗನ ಕಾಲರಿಗೆ ಗಂಜಿ ಕಡಿಮೆ ಮಾಡಿದಳು. ಹೊಳಪಿನ ಕಬ್ಬಿಣ ಮುಟ್ಟಿಸಲಿಲ್ಲ. ಕೆಟ್ಟ ಕೆಲಸ ಮಾಡಲು ಬಾರದ ಕೈ ಅದು. ಹೇಗೆ ಕೆಡಿಸಬೇಕೆಂದು ಲೊಟ್ಟಿಯನ್ನು ಕೇಳಿ ಕಲಿತಳು. ನಾನು ಮಾಡೋ ಹಾಗೆ ಮಾಡು ಸಾಕು ಎಂದಿದ್ದಳು ಲೊಟ್ಟಿ. ಮೂರನೆಯ ವಾರ ಮೇಲ್ವಿಚಾರಕಿ ರಾಶಿ ತಟ್ಟಿ ನೋಡುವಾಗ ಒಂದು ಕಾಲರು ಸದ್ದು ಮಾಡಲಿಲ್ಲ. ಯಾರ ಕೈಕೆಲಸವೆಂದು ಕೇಳಿದಳು. ಥರ್ಜಾ ತನ್ನದೆಂದಳು. ಯಾಕೆಂದು ಕೇಳಿದಾಗ ಮುಂದಿನ ಕಾಲರನ್ನು ಎತ್ತಿಕೊಂಡಳು. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ. ಈಸ್ಟರ್ ಹೊತ್ತಿಗೆ ಅವಳನ್ನು ನೆಲಮಾಳಿಗೆಗೆ, ಬೆಡ್‌ಶೀಟ್ ಮೇಜಿಗೆ ಇಳಿಸಿದರು. ಅಲ್ಲಿ ಕಿಟಕಿ ಇಲ್ಲ.

"ಕಣ್ಣು ಮಂದ ಆಯ್ತು, ಅದಕ್ಕೇ ಕೆಳಗಿಳಿಸಿದ್ರು ಅಂತ ಹೇಳಿದ್ದಳು," ಎಂದ ಲಯನೆಲ್.

"ನಿಂಗೆ ಏನಾದ್ರೂ ಹೇಳ್ಬೇಕಿತ್ತಲ್ಲ."

"ನನ್ನ ಮೊದಲ ಸಂಬಳದಲ್ಲಿ ಕನ್ನಡಕ ಮಾಡಿಸಿಕೊಟ್ಟೆ."

"ಹೂಂ. ಲಾಂಡ್ರಿಗೆಲ್ಲ ತೋರಿಸ್ಕೊಂಡು ಬಂದ್ಲು. ಪಾಪ, ಅದನ್ನ ಹಾಕ್ಕೊಂಡ್ರೆ ಅವಳಿಗೆ ತಲೆನೋವು. ಸೂಜಿ ಪೋಣಿಸೋವಾಗ ತೆಗೆದಿಡೋಳು. ನೀನು ಬರೋ ಸದ್ದು ಕೇಳಿದ್ರೆ ಹಾಕ್ಕೊಳೋಳು."

ಅದೇ ಬೆಳಿಗ್ಗೆ ಅವನು ಕೈಯಾರೆ ಆ ಕನ್ನಡಕವನ್ನು ತಾಯಿಯ ಮೂಗಿನ ಮೇಲೆ ಏರಿಸಿ, ಕಡ್ಡಿಗಳನ್ನು ಕಿವಿಯ ಹಿಂದೆ ಸಿಕ್ಕಿಸಿದ್ದ. ಅದಿಲ್ಲದೆ ಅವಳು ಅವಳ ಹಾಗೆ ಕಂಡಿರಲಿಲ್ಲ.

ಅವನು ಕಾಲರಿನ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಕೋಣೆಗೆ ಹೊರಟ. ಲೊಟ್ಟಿ ಹಿಂದೆಯೇ ಬಂದಳು. ಶವದ ಉಸ್ತುವಾರಿಯ ಕ್ರಂಪ್ ಶವಪೆಟ್ಟಿಗೆಯ ಮುಚ್ಚಳಕ್ಕೆ ಆರನೆಯ ಸ್ಕ್ರೂ ತಿರುಗಿಸುತ್ತಿದ್ದ. ಅಮ್ಮಾವ್ರು ಹೇಳಿದರು, ಮುಚ್ಚಿಬಿಡು ಅಂತ, ಎಂದ. ತೆರೆಯಲು ಎಷ್ಟು ಹೊತ್ತು ಬೇಕು ಎಂದು ಲಯನೆಲ್ ಪಿಸುದನಿಯಲ್ಲಿ ಕೇಳಿದ. ನಾಲ್ಕು ನಿಮಿಷ ಸಾಕು ಎಂದ ಕ್ರಂಪ್. ಚರ್ಚಿಗೆ ಹನ್ನೊಂದಕ್ಕೆ ಹೊರಡಬೇಕಿತ್ತು; ಗೋಡೆಯ ಗಡಿಯಾರದಲ್ಲಿ ಅದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಆಗ ಹಿತ್ತಾಳೆ ಬಳೆ ಬಡಿಯಿತು. ಹೆಡ್‌ಮಾಸ್ಟರರ ಹೆಂಡತಿ ಬೂದು ಕೈಗವಸು ತೊಟ್ಟು ಒಳಬಂದು, ಮ್ಯೂರಿಯಲ್‌ಳ ಕೆನ್ನೆಗೆ ಕೆನ್ನೆ ತಾಗಿಸಿ, ಲಯನೆಲ್‌ನ ಕೈ ಹಿಡಿದಳು. ನಿಮ್ಮ ತಾಯಿಯವರು ಎಷ್ಟು ಗೌರವದ ಹೆಂಗಸು, ಎಷ್ಟು ಮಿತಭಾಷಿ ಎಂದಳು. ಅವಳ ದೃಷ್ಟಿ ಅವನ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಕ್ಷಣ ನಿಂತು, ಅಷ್ಟೇ ಸೌಜನ್ಯದಿಂದ ಬೇರೆ ಕಡೆ ಹೊರಳಿತು.

ಕ್ರಂಪ್ ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದ. "ತೆಗೀಲಾ ಸಾರ್?" ಎಂದ.

ಲಯನೆಲ್ ಬಾಯಿ ತೆರೆದ.

"ಬೇಡ," ಎಂದ. "ಹೊತ್ತಾಯಿತು."

ಲೊಟ್ಟಿ ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಬಂದ ದಾರಿಯಲ್ಲೇ ಹಿತ್ತಿಲ ಕಡೆ ಹೋದಳು.

ಚರ್ಚಿನಲ್ಲಿ ಪಾದ್ರಿ, ತನಗೆ ಬರೆದುಕೊಟ್ಟ ಚೀಟಿಯಂತೆ, ರೈಲ್ವೆ ಗುಮಾಸ್ತರ ವಿಧವೆ, ವಾತ್ಸಲ್ಯಮಯಿ ತಾಯಿ, ಕಣ್ಣಿನ ತೊಂದರೆಯನ್ನು ತಾಳ್ಮೆಯಿಂದ ಸಹಿಸಿದವರು ಎಂದು ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಥರ್ಜಾ ಗ್ಯಾಮನ್‌ಳನ್ನು ಮಣ್ಣು ಮಾಡಿದರು. ಕೊರಳು ಬರಿದಾಗಿತ್ತು. ಕಣ್ಣಿಗೆ ಕನ್ನಡಕವಿತ್ತು.