ಹಡಗಿನ ಕ್ಯಾಸೆಟ್ಟು

ಶುಕ್ರವಾರದ ಊಟ ಮುಗಿದಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲವಾದ್ದರಿಂದ ಮಾಂಸವಿಲ್ಲ, ಹಮೂರ್ ಮೀನಿನ ಪದಾರ್ಥ, ಕುಚ್ಚಲಕ್ಕಿ ಅನ್ನ. ಬೆಳಿಗ್ಗೆ, ಚರ್ಚಿಲ್ಲದ ದೋಹಾದ ಯಾರದೋ ವಿಲ್ಲಾದಲ್ಲಿ ಬಾಗಿಲು ಮುಚ್ಚಿ ನಡೆದ ಪೂಜೆ ಮುಗಿಸಿ, ಕಂಪೆನಿಯ ಬಸ್ಸಿನಲ್ಲೇ ಅಲ್ ಖೋರ್‌ಗೆ ಮರಳಿದ್ದರು. ಈಗ ಕಾಸ್ಮಿರ್ ಟೀವಿಯ ಮುಂದೆ ಮಂಡಿಯೂರಿ ಕುಳಿತು ಕ್ಯಾಸೆಟ್ಟನ್ನು ಪ್ಲೇಯರಿನ ಬಾಯಿಗೆ ತಳ್ಳುತ್ತಿದ್ದ.

"ನಾನು ಕೂಡ ನೋಡ್ಲಿಲ್ಲ ಮಾರಾಯ. ವೀಡಿಯೊ ಅಂಗಡಿಯವನು ಸಣ್ಣ ಟೇಪಿನಿಂದ ಇದಕ್ಕೆ ಇಳಿಸಿ ನಿನ್ನೆ ಕೊಟ್ಟದ್ದು. ಒಟ್ಟಿಗೆ ನೋಡುವ ಅಂತ ಇಟ್ಟಿದ್ದೆ."

"ಕ್ಯಾಮೆರಾ ನನ್ನದು, ಮೊದಲ ಶೋ ನನಗೇ ಆಗ್ಬೇಕಲ್ಲ?" ಎಂದ ಹೆನ್ರಿ ಸೋಫಾದಲ್ಲಿ ಕಾಲು ಚಾಚಿ. ಕಂಪೆನಿಯ ಸಿಬ್ಬಂದಿ ವಿಭಾಗದ ಆಫೀಸಿನಲ್ಲಿ ಅವನಿಗೆ ದೊಡ್ಡ ಮೇಜು. ಜನರ ಪಾಸ್‌ಪೋರ್ಟುಗಳೆಲ್ಲ ಬೀಗ ಹಾಕಿಕೊಂಡು ಮಲಗುವುದು ಅವನ ಕಪಾಟಿನಲ್ಲಿ. ಪಕ್ಕದಲ್ಲಿ ಅವನ ಹೆಂಡತಿ ಜೆಸಿಕಾ ನೆಲಗಡಲೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ತಯಾರಾಗಿದ್ದಳು.

"ಜೆರ್ಟಿಬಾಯಿ, ಬನ್ನಿ ಮಾರಾಯ್ರೆ. ಹೀರೋಯಿನ್ ಇಲ್ಲದೆ ಪಿಕ್ಚರ್ ಶುರು ಮಾಡುವುದಾ?" ಎಂದು ಜೆಸಿಕಾ ಅಡುಗೆಮನೆಯತ್ತ ಕೂಗಿದಳು.

ಕಾಸ್ಮಿರನ ಹೆಂಡತಿ ಜರ್ಟ್ರೂಡ್ ಕೈ ಒರೆಸಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಳು. ರಿಮೋಟು ಅಲ್ಲೇ ಬಿದ್ದಿತ್ತು. ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೆಲವು ದಿನಗಳ ಹಿಂದೆ ತಾವಿಬ್ಬರೂ ಪ್ರವಾಸ ಹೋಗಿಬಂದ ಆ ಹಡಗನ್ನು ಮತ್ತೆ ನೋಡುವ ಆಸೆ ಅವಳಿಗಿರಲಿಲ್ಲ. ಪರದೆಯ ಮೂಲೆಯಲ್ಲಿ ತಾರೀಕು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಒಂದೇ ತಾರೀಕು ಬೇಕಿತ್ತು. ಮಾರ್ಚ್ ಹನ್ನೊಂದು, ಮಂಗಳವಾರ. ಆ ದಿನ ತಾನು ಏನು ಮಾಡುತ್ತಿದ್ದೆ ಎಂದು ಅವಳು ತನ್ನ ಕಣ್ಣಿಂದಲೇ ನೋಡಬೇಕಿತ್ತು.

ಆ ದಿನ ಅವಳು ದೋಹಾದ ಲೇಬರ್ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕಿತ್ತು.

ಮೊಯ್ದಿನ್ ಸತ್ತು ಐದು ತಿಂಗಳಾಗಿತ್ತು. ಅಂದೂ ಶುಕ್ರವಾರವೇ. ರಜೆಯ ದಿನ ಹಾಜರಿ ಪಟ್ಟಿಯಿಲ್ಲದೆ ಕೆಲಸ ಮಾಡಿಸುವುದು ಕಂಪೆನಿಯ ಹಳೆಯ ಚಾಳಿ. ಹನ್ನೊಂದು ಗಂಟೆಗೆ ಪಿಕಪ್ಪಿನ ಹಿಂದೆ, ಸಿಮೆಂಟಿನ ಖಾಲಿ ಚೀಲಗಳ ಮೇಲೆ ಮಲಗಿಸಿ ಅವನನ್ನು ಸೈಟಿನ ಕ್ಲಿನಿಕ್ಕಿಗೆ ತಂದಿದ್ದರು. ನರ್ಸ್ ಜರ್ಟ್ರೂಡ್ ಒಬ್ಬಳೇ ಡ್ಯೂಟಿಯಲ್ಲಿದ್ದಳು. ಅಟ್ಟಣಿಗೆಯ ಮೂರನೇ ಅಂತಸ್ತಿನಿಂದ ಬಿದ್ದವನ ತಲೆಯನ್ನು ಹಿಡಿದು ಕುಳಿತಳು. ಉಸಿರು ನಿಂತ ಮೇಲೆ ರಿಜಿಸ್ಟರಿನಲ್ಲಿ ತಾನೇ ಬರೆದಳು: ಎಲ್ಲಿಂದ ಬಿದ್ದದ್ದು, ಎಷ್ಟು ಗಂಟೆಗೆ, ತಂದವರು ಯಾರು. ಮರುದಿನ ರಿಜಿಸ್ಟರೇ ಇಲ್ಲ. ಮೊಯ್ದಿನ್ ರಜೆಯ ದಿನ ಕ್ಯಾಂಪಿನ ಬಾತ್‌ರೂಮಿನಲ್ಲಿ ಜಾರಿಬಿದ್ದು ಸತ್ತನೆಂದು ಕಂಪೆನಿಯ ಕಾಗದ ಹೇಳಿತು. ಸತ್ತವನನ್ನು ಕಾಗದದ ಮೇಲೆಯೇ ಬಾತ್‌ರೂಮಿಗೆ ಒಯ್ದು ಇನ್ನೊಮ್ಮೆ ಬೀಳಿಸಿದ್ದರು. ಹಾಗೆ ಬಿದ್ದರೆ ಕಂಪೆನಿ ಏನೂ ಕೊಡಬೇಕಾಗಿಲ್ಲ.

ಈ ಮೊಯ್ದಿನ್ ಯಾರೋ ಅಲ್ಲ. ಊರಿಗೆ ಹೋದಾಗಲೆಲ್ಲ ಜರ್ಟ್ರೂಡಳ ಅಮ್ಮನ ಮನೆಗೆ ಹೋಗಿ, ಅಮ್ಮ ಕಟ್ಟಿಕೊಟ್ಟ ಮಾವಿನಮಿಡಿ ಉಪ್ಪಿನಕಾಯಿಯನ್ನು ಬಟ್ಟೆಗಳ ನಡುವೆ ಸುತ್ತಿ ತರುತ್ತಿದ್ದವನು. "ಬಾಯಮ್ಮ, ನನ್ನ ಅಂಗಿಯೆಲ್ಲ ನಿಮ್ಮ ಉಪ್ಪಿನಕಾಯಿ ವಾಸನೆ. ಕ್ಯಾಂಪಿನಲ್ಲಿ ಎಲ್ಲರೂ ನನ್ನನ್ನು ನೆಕ್ಕಲಿಕ್ಕೆ ಬರ್ತಾರೆ" ಎಂದು ನಗಿಸುತ್ತಿದ್ದ. ಆ ಅಮ್ಮ ತೀರಿಕೊಂಡಾಗ ಜರ್ಟ್ರೂಡಳಿಗೆ ಮಣ್ಣಿಗೆ ಹೋಗಲಾಗಲಿಲ್ಲ. ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಕು, ಸಹಿ ಹಾಕಬೇಕಾದ ಯಜಮಾನರು ಗಿಡುಗ ಹಿಡಿದು ಬೇಟೆಗೆ ಹೋಗಿದ್ದಾರೆ ಎಂದಿದ್ದ ಇದೇ ಹೆನ್ರಿ. ಒಂಬತ್ತನೇ ದಿನ ಸಹಿಯಾಯಿತು. ಅಷ್ಟರಲ್ಲಿ ಹೋಗಿ ಮಾಡುವುದೇನು? ಅಂದು ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಮರಳಿ ಬಂದು ಅದನ್ನೆಲ್ಲ ಅವಳಿಗೆ ಹೇಳಿದವನು, ರಜೆಯಲ್ಲಿ ಊರಿಗೆ ಹೋಗಿದ್ದ ಮೊಯ್ದಿನ್.

ಅವನ ಹೆಂಡತಿ ಆಯಿಷಮ್ಮ ಊರಿನಿಂದ ಕೇಸು ಹಾಕಿಸಿದಳು. ಅವನ ತಮ್ಮ ಶಾಫಿ, ಇದೇ ಕಂಪೆನಿಯ ಬಸ್ ಡ್ರೈವರ್, ಜರ್ಟ್ರೂಡಳ ಬಾಗಿಲಿಗೆ ಬಂದು ನಿಂತಾಗ ಅವಳು ಒಂದೇ ಮಾತು ಹೇಳಿದ್ದಳು: "ರಿಜಿಸ್ಟರ್ ಕದಿಯಬಹುದು. ನನ್ನ ನಾಲಗೆ ಕದಿಯಲಿಕ್ಕೆ ಆಗುವುದಿಲ್ಲ. ನಾನು ಬರ್ತೇನೆ."

ನಾಲಗೆಯನ್ನು ಯಾರೂ ಕದಿಯಲಿಲ್ಲ. ಹಡಗು ಹತ್ತಿಸಿ ಕಳಿಸಿದರು.

"ಓ, ಬಂತು ಬಂತು!" ಜೆಸಿಕಾ ಚಪ್ಪಾಳೆ ತಟ್ಟಿದಳು. ಪರದೆಯ ಮೇಲೆ ಮಯಾಮಿಯ ಬಂದರು. ಹತ್ತಂತಸ್ತಿನ ಬಿಳಿ ಹಡಗು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, ಹಡಗು ಮುಳುಗಿದರೆ ಏನು ಮಾಡಬೇಕೆಂದು ಕಲಿಯಲು ಸಾಲಾಗಿ ನಿಂತ ಬಿಳಿಯರ ನಡುವೆ, ಸೀರೆಯ ಮೇಲೆ ಅದೇ ಜಾಕೆಟ್ ಹಾಕಿದ ಜರ್ಟ್ರೂಡ್.

"ನೋಡಿ, ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಪೋಡಿ ಹಾಗೆ ಕಾಣ್ತಾಳೆ," ಎಂದು ಕಾಸ್ಮಿರ್ ನಕ್ಕ. "ಬೇರೆಯವರಿಗೆ ಹದಿನೈದು ವರ್ಷ ಸರ್ವಿಸಿಗೆ ಗೋಡೆ ಗಡಿಯಾರ. ನನಗೆ ಕೆರಿಬಿಯನ್!"

"ಟೈಂಕೀಪರನಿಗೆ ಗಡಿಯಾರ ಕೊಟ್ಟು ಎಂತ ಪ್ರಯೋಜನ?" ಎಂದ ಹೆನ್ರಿ. ಕೆಲಸಗಾರರ ಹಾಜರಿ ಪಟ್ಟಿ ಬರೆಯುವುದೇ ಕಾಸ್ಮಿರನ ಕೆಲಸ. ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು.

ಪ್ರವಾಸಕ್ಕೆ ಹೊರಡುವ ಮುನ್ನ ಜರ್ಟ್ರೂಡಳಿಗೂ ಅಚ್ಚರಿಯಾಗಿತ್ತು. ಅಮ್ಮನ ಮಣ್ಣಿಗೆ ಒಂಬತ್ತು ದಿನ ಕಾಯಿಸಿದ ಸಹಿ ಈ ಬಾರಿ ಒಂದೇ ಮಧ್ಯಾಹ್ನದಲ್ಲಿ ಬಿದ್ದಿತ್ತು. "ಕೇಸ್ ಉಂಟಲ್ಲ, ಹನ್ನೊಂದಕ್ಕೆ?" ಎಂದು ಕೇಳಿದ್ದಳು. "ಅದು ಏಪ್ರಿಲಿಗೆ ಹೋಯ್ತು. ಕೋರ್ಟಿನಿಂದ ಆಫೀಸಿಗೆ ಫ್ಯಾಕ್ಸ್ ಬಂದಿದೆ. ನಾನೇ ಕಣ್ಣಾರೆ ನೋಡಿದೆ," ಎಂದಿದ್ದ ಗಂಡ. ಶಾಫಿಯನ್ನು ಕೇಳೋಣವೆಂದರೆ ಅವನನ್ನು ಹದಿನೈದು ದಿನಕ್ಕೆ ದೂರದ ದುಖಾನ್ ಸೈಟಿಗೆ ಹಾಕಿದ್ದರು. ಇಪ್ಪತ್ತೆರಡು ವರ್ಷ ಒಟ್ಟಿಗೆ ಬಾಳಿದ ಗಂಡ ಕಣ್ಣಾರೆ ನೋಡಿದೆ ಎಂದರೆ, ಹೆಂಡತಿ ಆ ಕಣ್ಣನ್ನು ಪರೀಕ್ಷೆ ಮಾಡುತ್ತಾಳೆಯೇ?

ಪರದೆಯ ಮೇಲೆ ಅವರ ಕ್ಯಾಬಿನ್ನು. ಕಿಟಕಿಯಿಲ್ಲದ ಗೂಡು. ಹೊರಗೆ ಸಮುದ್ರವೇ ಸಮುದ್ರ, ಒಳಗೆ ಕುಳಿತವರಿಗೆ ಒಂದು ಅಲೆಯೂ ಕಾಣದು. ಹಾಸಿಗೆಯ ಮೇಲೆ ಟವೆಲಿನಲ್ಲೇ ಮಡಚಿ ಮಾಡಿದ ಬಾತುಕೋಳಿ.

"ಅಯ್ಯೋ ಎಷ್ಟು ಚೆಂದ! ಯಾರು ಮಾಡಿದ್ದು?" ಎಂದಳು ಜೆಸಿಕಾ.

"ಲ್ಯಾನ್ಸ್‌ಲಾಟ್," ಎಂದಳು ಜರ್ಟ್ರೂಡ್. ಆ ಮಧ್ಯಾಹ್ನ ಅವಳ ಬಾಯಿಂದ ಬಂದ ಮೊದಲ ಮಾತು. "ನಮ್ಮೂರ ಕಡೆಯ ಶಿರ್ವದ ಹುಡುಗ. ದಿನಕ್ಕೆ ಹದಿನಾಲ್ಕು ಕೋಣೆ ಗುಡಿಸ್ತಾನೆ. ಆರು ತಿಂಗಳಲ್ಲಿ ಒಂದು ಸಲ ಕೂಡ ನೆಲಕ್ಕೆ ಕಾಲಿಡಲಿಲ್ಲವಂತೆ. ಅವರು ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಒಂದು ಕೋಣೆಯಲ್ಲಿ ನಾಲ್ಕು ಜನ."

"ಶುರುವಾಯ್ತು," ಎಂದ ಕಾಸ್ಮಿರ್. "ಎಲ್ಲಿಗೆ ಕರ್ಕೊಂಡು ಹೋದ್ರೂ ಇವಳಿಗೆ ಲೇಬರ್ ಕ್ಯಾಂಪೇ ಕಾಣುವುದು."

ನಸ್ಸೌ ಬಂತು, ಹೋಯಿತು. ಗಾಜಿನಂಥ ನೀರು, ಹುಲ್ಲಿನ ಟೊಪ್ಪಿ ಮಾರುವ ಕಪ್ಪು ಹೆಂಗಸರು. ಆಮೇಲೆ ಮಂಜುಗಡ್ಡೆಯಲ್ಲಿ ಕೊರೆದ ಮೀನು, ಅದರ ಸುತ್ತ ಬೆಟ್ಟದಂತೆ ಪೇರಿಸಿದ ಸೀಗಡಿ. ಆಮೇಲೆ ಕತ್ತಲು ಹರಿಯುವ ಸಮುದ್ರ, ಮೇಲಿನ ಡೆಕ್ಕು, ಸೂರ್ಯೋದಯ. ಮೂಲೆಯ ತಾರೀಕು ಬದಲಾಯಿತು.

ಮಾರ್ಚ್ ಹನ್ನೊಂದು.

ಜರ್ಟ್ರೂಡ್ ಕುರ್ಚಿಯ ತುದಿಗೆ ಸರಿದಳು. ಆ ಹೊತ್ತಿಗೆ ತಾನು ಗೂಡಿನಲ್ಲಿ ಮಲಗಿದ್ದೆ ಎಂದು ನೆನಪಾಯಿತು. ಸಂಜೆ ಕ್ಯಾಪ್ಟನ್ನಿನ ಊಟ, ಬ್ಯಾಂಡು. ಗಂಡನ ಹೆಗಲ ಮೇಲೆ ಕೈಯಿಟ್ಟು ಕುಣಿದಿದ್ದಳು. ಕುಣಿದೆ! ಮೊಯ್ದಿನ್ನಿನ ಕೇಸು ಬಿದ್ದುಹೋದ ದಿನ ನಾನು ಕುಣಿದೆ. ಮರಳಿ ಬಂದ ಮೇಲೆ ತಿಳಿಯಿತು: ಹನ್ನೊಂದಕ್ಕೇ ವಿಚಾರಣೆ ನಡೆದಿದೆ, ಸಾಕ್ಷಿ ಬಾರದೆ ಕೇಸು ವಜಾ ಆಗಿದೆ. "ಕೋರ್ಟಿನವರದ್ದೇ ಗಡಿಬಿಡಿ. ಮುಂದೆ ಹಾಕಿದ್ದನ್ನು ಮತ್ತೆ ಹಿಂದೆ ತಂದ್ರಂತೆ. ನಾವು ಎಂತ ಮಾಡ್ಲಿಕ್ಕೆ ಆಗ್ತದೆ?" ಎಂದಿದ್ದ ಕಾಸ್ಮಿರ್. ಅವಳು ನಂಬಿದ್ದಳು. ತಪ್ಪು ತನ್ನದೇ ಎಂದು ಐದು ದಿನ ಊಟ ಬಿಟ್ಟಿದ್ದಳು. ಬಸ್ಸಿನಲ್ಲಿ ಶಾಫಿ ಅವಳ ಮುಖ ನೋಡುತ್ತಿರಲಿಲ್ಲ. ಮೊನ್ನೆ ಇಳಿಯುವಾಗ ಮಾತ್ರ ಕನ್ನಡಿಯಲ್ಲಿ ನೋಡಿ ಕೇಳಿದ್ದ: "ಹಡಗು ಚಂದ ಉಂಟಾ, ಮೇಡಂ?" ಮೊದಲಿನಂತೆ ಬಾಯಮ್ಮ ಅಂದಿರಲಿಲ್ಲ. "ಅಪೀಲಿಗೆ ಇನ್ನು ಒಂದು ವಾರ ಉಂಟು. ಆದ್ರೆ ನಮ್ಮತ್ರ ಎಂತ ಉಂಟು ತೋರಿಸ್ಲಿಕ್ಕೆ?"

ಸೂರ್ಯ ಮೇಲೆದ್ದ. ಚಿತ್ರ ತಟ್ಟನೆ ತಲೆಕೆಳಗಾಗಿ, ಕಾಸ್ಮಿರನ ಪ್ಯಾಂಟು, ಬೂಟು, ಕೆಂಪು ಹೂವಿನ ಕಾರ್ಪೆಟ್ಟು ಓಲಾಡತೊಡಗಿದವು.

"ಕಾಸ್ಮಿರ್ ಬಾಬ್, ಕಾರ್ಪೆಟ್ ತೋರಿಸ್ಲಿಕ್ಕೆ ಅಮೇರಿಕಕ್ಕೆ ಹೋದದ್ದಾ?" ಜೆಸಿಕಾ ಬಿದ್ದು ಬಿದ್ದು ನಕ್ಕಳು.

"ಇವನಿಗೆ ಕೊಡುವಾಗಲೇ ಹೇಳಿದ್ದೆ," ಹೆನ್ರಿಯೂ ನಕ್ಕ. "ಕೆಂಪು ಬಟನ್ ಒಂದು ಸಲ ಒತ್ತಿದ್ರೆ ಶುರು, ಇನ್ನೊಂದು ಸಲ ಒತ್ತಿದ್ರೆ ಬಂದ್ ಅಂತ. ಬಂದ್ ಮಾಡಿದೆ ಅಂತ ಹೆಗಲಿಗೆ ನೇತು ಹಾಕ್ಕೊಂಡಿದ್ದಾನೆ ನೋಡು."

ಕಾರ್ಪೆಟ್ಟು ನಿಂತಿತು. ಒಂದು ಗಾಜಿನ ಬಾಗಿಲು ಮುಚ್ಚಿದ ಸದ್ದು. ಫೋನಿನ ಗುಂಡಿಗಳನ್ನು ಒತ್ತಿದ ಸದ್ದು, ಬಹಳ ಹೊತ್ತು. ರೂಬೆನ್‌ಗೆ ಒಂದು ಫೋನ್ ಮಾಡುವ ಎಂದು ಜರ್ಟ್ರೂಡ್ ಬೇಡಿಕೊಂಡಾಗ, ಹಡಗಿನ ಫೋನ್ ಎಂದರೆ ರಕ್ತ ಹೀರುತ್ತಾರೆ ಎಂದು ಗದರಿದ್ದ ಗಂಡ. ಕಾಲೇಜು ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದ ಮಗನಿಗೆ ಇಲ್ಲದ ಫೋನು.

"ಹಲೋ... ಹೆನ್ರಿಯಾ? ನಾನು, ಕಾಸ್ಮಿರ್."

ನೆಲಗಡಲೆ ಜಗಿಯುವ ಸದ್ದು ನಿಂತಿತು.

"ಜೋರಾಗಿ ಮಾತಾಡು ಮಾರಾಯ... ಎಂತ ಆಯ್ತು? ... ಒಂದೇ ಸಿಟ್ಟಿಂಗಾ? ಕೇಸ್ ಖಲಾಸ್? ... ಅಬ್ಬಾ."

ಕಾಸ್ಮಿರ್ ಎದ್ದ. "ಇದು ಬೇಡ, ಮುಂದೆ ಓಡಿಸು. ಜೆರ್ಟಿ, ರಿಮೋಟ್ ಎಲ್ಲಿ?"

ರಿಮೋಟು ಅವಳ ಮುಷ್ಟಿಯಲ್ಲಿತ್ತು. ಟೀವಿಯೊಳಗಿನ ದನಿ ಮುಂದುವರಿಯಿತು.

"ಅವಳಿಗೆ ಎಂತ ಗೊತ್ತು? ಮಲಗಿದ್ದಾಳೆ. ಏಪ್ರಿಲಿಗೆ ಹೋಗಿದೆ ಅಂತ ನಾನು ಹೇಳಿದ್ದನ್ನು ಹಾಗೇ ನುಂಗಿದ್ದಾಳೆ. ... ರಿಜಿಸ್ಟರಾ? ಅದನ್ನು ಸುಡು ಅಂತ ಹೇಳಿದ್ದಲ್ಲವಾ ಮಾರಾಯ, ಇನ್ನೂ ನಿನ್ನ ಡ್ರಾವರಿನಲ್ಲಿ ಇಟ್ಕೊಂಡಿದ್ದಿಯಾ? ... ನನ್ನನ್ನು ಹೆದರಿಸ್ಲಿಕ್ಕಾ? ಹಹ್ಹ. ... ಸರಿ, ಮ್ಯಾನೇಜರಿಗೆ ಹೇಳು, ಕಾಸ್ಮಿರ್ ಕೊಟ್ಟ ಮಾತಿಗೆ ತಪ್ಪಲಿಲ್ಲ ಅಂತ."

ಕಾಸ್ಮಿರ್ ಟೀವಿಯ ಕಡೆಗೆ ಕೈ ಚಾಚಿದ.

"ಮುಟ್ಟಬೇಡಿ," ಎಂದಳು ಜರ್ಟ್ರೂಡ್.

ಅವಳು ಕೂಗಿರಲಿಲ್ಲ. ಆದರೂ ಅವನ ಕೈ ಗಾಳಿಯಲ್ಲೇ ನಿಂತಿತು. ಫೋನು ಇಟ್ಟ ಸದ್ದು, ಬಾಗಿಲು, ಮತ್ತೆ ಕಾರ್ಪೆಟ್ಟಿನ ಹೂವುಗಳು. ಹಡಗಿನ ಗಂಡ ಸಿಳ್ಳೆ ಹಾಕುತ್ತ ನಡೆಯುತ್ತಿದ್ದ.

"ಯಾರ ಹೆಂಡತಿಯನ್ನು ಯಾರು ಕರ್ಕೊಂಡು ಹೋದದ್ದು?" ಎಂದು ಕೇಳಿದಳು. "ನೀವು ನನ್ನನ್ನು ತಿರುಗಾಡ್ಲಿಕ್ಕೆ ಕರ್ಕೊಂಡು ಹೋದದ್ದಾ, ಇಲ್ಲ ಕಂಪೆನಿ ನಿಮ್ಮ ಕೈಯಲ್ಲಿ ನನ್ನನ್ನು ಗಡಿಪಾರು ಮಾಡಿಸಿದ್ದಾ?"

"ಜೆರ್ಟಿ, ಕೇಳು... ರೂಬೆನ್ ಇಂಜಿನಿಯರಿಂಗ್ ಮುಗಿಸ್ಬೇಕು. ನನ್ನ ವೀಸಾ, ನಿನ್ನ ವೀಸಾ, ಎರಡೂ ಅವರ ಕೈಯಲ್ಲಿ. ಸತ್ತವನು ಎದ್ದು ಬರ್ತಾನಾ?"

"ಎದ್ದು ಬರ್ಲಿಕ್ಕೆ ನೀವು ಬಿಡಬೇಕಲ್ಲ! ಆ ಶುಕ್ರವಾರ ಅವನನ್ನು ಕ್ಯಾಂಪಿನ ಕೋಣೆಗೇ ಹೋಗಿ ಎಬ್ಬಿಸಿ ಪಿಕಪ್ಪಿಗೆ ಹತ್ತಿಸಿದ್ದು ಯಾರು? ಟೈಂಕೀಪರ್ ಅಲ್ಲವಾ? ಅದಕ್ಕೇ ಅಲ್ಲವಾ ನಿಮ್ಮ ಪಟ್ಟಿಯಲ್ಲಿ ಆ ದಿನ ಯಾರ ಹೆಸರೂ ಇಲ್ಲದ್ದು?"

ಇದು ಟೇಪಿನಲ್ಲಿರಲಿಲ್ಲ. ಈ ಕ್ಷಣದಲ್ಲಿ ಅವಳಿಗೇ ಹೊಳೆದದ್ದು. ಕಾಸ್ಮಿರ್ ನೆಲ ನೋಡುತ್ತ ಕುಳಿತುಬಿಟ್ಟ.

ಹೆನ್ರಿ ಎದ್ದು ಚಪ್ಪಲಿ ಹುಡುಕುತ್ತ, "ಜೆರ್ಟಿಬಾಯಿ, ಇದೆಲ್ಲ ಮನೆಯೊಳಗಿನ ಮಾತು. ಕ್ಯಾಸೆಟ್ ಇಲ್ಲಿ ಕೊಡಿ, ಅದರ ಮೇಲೆ ಏನಾದ್ರೂ ಹಾಡು ರೆಕಾರ್ಡ್ ಮಾಡಿ ಕೊಡ್ತೇನೆ," ಎಂದ. ಸಣ್ಣ ಟೇಪು ಕ್ಯಾಮೆರಾದ ಜೊತೆಗೆ ನಿನ್ನೆಯೇ ಅವನ ಮನೆ ಸೇರಿತ್ತು. ಉಳಿದದ್ದು ಇದೊಂದೇ.

"ರೀ, ಕುತ್ಕೊಳ್ಳಿ," ಎಂದಳು ಜೆಸಿಕಾ. ನೆಲಗಡಲೆಯ ಬಟ್ಟಲನ್ನು ಕೆಳಗಿಟ್ಟಳು. "ಡ್ರಾವರಿನಲ್ಲಿ ಉಂಟಾ ಆ ಪುಸ್ತಕ? ಹೌದಾ ಅಲ್ಲವಾ, ನನಗೆ ಹೇಳಿ."

ಹೆನ್ರಿ ಮತ್ತೆ ಚಪ್ಪಲಿ ಹುಡುಕತೊಡಗಿದ. ಜರ್ಟ್ರೂಡ್ ಕ್ಯಾಸೆಟ್ಟನ್ನು ಹೊರಗೆಳೆದು ಅಡುಗೆಮನೆಗೆ ಹೋದಳು. ಮೀನು ಸೀಳುವ ಚೂರಿ ಇನ್ನೂ ಸಿಂಕಿನಲ್ಲಿತ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ಕಿನ ಚೂರು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನೂ ರೆಕಾರ್ಡ್ ಆಗದು. ರೂಬೆನ್ನನ ಮೊದಲ ಪರಮಪ್ರಸಾದದ ಹಬ್ಬದ ಕ್ಯಾಸೆಟ್ಟಿನ ಮೇಲೆ ಆ ಹುಡುಗನೇ ಶಾರ್ಜಾದ ಕ್ರಿಕೆಟ್ ರೆಕಾರ್ಡ್ ಮಾಡಿ ಹಾಳು ಮಾಡಿದ ಮೇಲೆ, ಮನೆಯ ಎಲ್ಲ ಒಳ್ಳೆಯ ಕ್ಯಾಸೆಟ್ಟುಗಳ ಆ ಚೂರನ್ನು ಅವಳೇ ಮುರಿದಿಟ್ಟಿದ್ದಳು. ಚೂರಿಯ ತುದಿ ತೂರಿಸಿ ಮೀಟಿದಳು. ಟಕ್ ಎಂದಿತು.

"ಇದಕ್ಕೆ ಇನ್ನು ಯಾವ ಹಾಡೂ ಹಿಡಿಯುವುದಿಲ್ಲ," ಎಂದು ಹೆನ್ರಿಯ ಮುಂದೆ ಹಿಡಿದು ತೋರಿಸಿದಳು. ಸೆರಗು ಸರಿಪಡಿಸಿಕೊಂಡು, ಚಪ್ಪಲಿ ಮೆಟ್ಟಿದಳು.

"ಹೊರಗೆ ಹೋದ್ರೆ ನಾವಿಬ್ಬರೂ ನಾಳೆಯೇ ಊರಿಗೆ, ತಿಳ್ಕೊ," ಎಂದ ಕಾಸ್ಮಿರ್ ಹಿಂದಿನಿಂದ.

"ಅಮ್ಮ ಸತ್ತಾಗ ಈ ಅವಸರ ಇರಬೇಕಿತ್ತು," ಎಂದಳು ಅವಳು, ತಿರುಗಿ ನೋಡದೆ.

ನಾಲ್ಕು ಗಂಟೆಯ ಬಸ್ಸು ದೋಹಾಕ್ಕೆ ಹೊರಡಲು ಕೆಳಗೆ ನಿಂತಿತ್ತು. ಶುಕ್ರವಾರದ ಪೇಟೆಗೆ ಹೋಗುವವರು ಇನ್ನೂ ಬಂದಿರಲಿಲ್ಲ. ಶಾಫಿ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಹೊರಗೆ ನೋಡುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಅವನ ಪಕ್ಕಕ್ಕೇ ಬಂದು ನಿಂತಳು.

"ಇದರಲ್ಲಿ ನನ್ನ ಗಂಡನ ಮಾತು ಉಂಟು. ರಿಜಿಸ್ಟರ್ ಎಲ್ಲಿ ಉಂಟು ಅಂತ ಕೂಡ ಉಂಟು. ನಿಮ್ಮ ವಕೀಲರ ಮನೆಗೆ ಕರ್ಕೊಂಡು ಹೋಗು. ನಾನೂ ಬರ್ತೇನೆ, ನನ್ನ ಮಾತನ್ನು ಇವತ್ತೇ ಬರೆಸಿಕೊಳ್ಳಲಿ."

ಶಾಫಿ ಅವಳನ್ನು ನೋಡಿದ, ಕ್ಯಾಸೆಟ್ಟನ್ನು ನೋಡಿದ. ನಂಬಿದನೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. "ಹಡಗಿನದ್ದಾ, ಮೇಡಂ?" ಎಂದ.

"ಹೌದು. ಹಡಗಿನದ್ದೇ."

ಅವನು ಅದನ್ನು ತೆಗೆದುಕೊಂಡು ಡ್ಯಾಶ್‌ಬೋರ್ಡಿನ ಮೇಲಿಟ್ಟ. ಮಧ್ಯಾಹ್ನದ ಬಿಸಿಲು ಗಾಜನ್ನು ತೂರಿ ಅಲ್ಲೇ ಬೀಳುತ್ತಿತ್ತು.

"ಬಿಸಿಲಿಗೆ ಇಡಬೇಡ ಮಾರಾಯ!" ಜರ್ಟ್ರೂಡ್ ಗದರಿದಳು. "ಕರಗಿ ಹೋಗ್ತದೆ ಅದು."

ಶಾಫಿ ಬೆಚ್ಚಿ ಕ್ಯಾಸೆಟ್ಟನ್ನು ಎತ್ತಿಕೊಂಡ. ಅಂಗಿಯ ಎರಡು ಗುಂಡಿ ಬಿಚ್ಚಿ ಅದನ್ನು ಎದೆಗೆ ಒತ್ತಿ ಒಳಗಿಟ್ಟ. ಉಳಿದವರಿಗಾಗಿ ಕಾಯದೆ ಬಸ್ಸು ಸ್ಟಾರ್ಟ್ ಮಾಡಿದ.