ಕೂಸನ್ನು ಮರೆತ ಬಾಗಿಲು

ಹೆರಿಗೆ ವಾರ್ಡಿನ ಬಾಗಿಲಿಗೆ ಕಾವಲಿನ ಬುದ್ಧಿ ಹಾಕಿಕೊಟ್ಟ ಎಂಜಿನಿಯರ್ ಅವಳೇ. ಪ್ರತಿ ಕೂಸಿನ ಕಾಲಲ್ಲೂ ಅಕ್ಕಿಕಾಳಿನಷ್ಟು ಚಿಪ್ ಇರುವ ಪಟ್ಟಿ. ಕೂಸನ್ನೆತ್ತಿಕೊಂಡು ಯಾರಾದರೂ ಹೊರಟರೆ ಬಾಗಿಲು ಆ ಚಿಪ್ಪಿನ ಗುಟ್ಟಿನ ಸಂಖ್ಯೆ ಕೇಳಿ, ಗುರುತು ಹಿಡಿದು, ಕಟ್ಟಡವೇ ಏಳುವಂತೆ ಕೂಗಬೇಕು. ಕಳ್ಳರು ನಕಲು ಮಾಡದಿರಲೆಂದು ಕೇಳಿದಾಗಲೆಲ್ಲ ಬಾಗಿಲೂ ಚಿಪ್ಪೂ ಗುಟ್ಟು ಬದಲಿಸಿಕೊಳ್ಳುತ್ತಿದ್ದವು.

ಅಕ್ಕನ ಮಗುವನ್ನು ನೋಡಲು ಬಂದವಳು ಲಿಫ್ಟಿನಿಂದ ಇಳಿದರೆ, ಎದುರಿಗೇ ಅಜ್ಜಿ, ಕಂಕುಳಲ್ಲಿ ಅದೇ ಕೂಸು!

"ಅಜ್ಜೀ, ಹೊರಗೆ ಹೇಗೆ ಬಂದೆ?"

"ನಡ್ಕೊಂಡು ಬಂದೆ ಕಣೇ, ಹಾರ್ಕೊಂಡು ಬರ್ತಾರಾ? ನಿನ್ನ ಬಾಗಿಲು ಕಮಕ್ ಕಿಮಕ್ ಅನ್ನಲಿಲ್ಲ."

ಅವಳು ಕೂಸಿನ ಕಾಲು ನೋಡಿದಳು; ಪಟ್ಟಿ ಇದ್ದಲ್ಲೇ ಇತ್ತು.

"ಮೊದ್ಲು ಬಾಗಿಲ ಹತ್ರ ಓಡಾಡ್ತಿದ್ಯಾ?"

"ಬೆಳಗ್ಗಿಂದ ಅಲ್ಲೇ, ಒಂದು ಮಾರು ದೂರದಲ್ಲಿ ಕೂಸನ್ನ ತೂಗ್ತಿದ್ದೆ."

ಅಷ್ಟು ದೂರಕ್ಕೆ ಬಾಗಿಲಿನ ಪ್ರಶ್ನೆ ಮುಟ್ಟುತ್ತದೆ, ಚಿಪ್ಪಿನ ಸಣ್ಣ ದನಿಯ ಉತ್ತರ ವಾಪಸು ಮುಟ್ಟುವುದಿಲ್ಲ. ಚಿಪ್ಪು ಮಾತ್ರ ಗುಟ್ಟು ಬದಲಿಸುತ್ತಾ ಹೋಗಿತ್ತು, ಬಾಗಿಲು ಹಳೆಯದನ್ನೇ ಹಿಡಿದು ಕೂತಿತ್ತು. ಹೊಸ ಬಟ್ಟೆಗಳಿಗೆ ಅಂಗಡಿಯವರು ಸಿಕ್ಕಿಸಿದ ಚಿಪ್ಪಿಗೂ ಬಾಗಿಲು ಅರಚುತ್ತದೆಂದು ನರ್ಸಮ್ಮ ದೂರಿದಾಗ, ಗುರುತಿಲ್ಲದವಕ್ಕೆ ಸುಮ್ಮನಿರು ಎಂದು ಕಲಿಸಿದವಳೂ ಅವಳೇ. ಈಗ ಈ ಕೂಸೂ ಬಾಗಿಲಿಗೆ ಗುರುತಿಲ್ಲದ್ದಾಗಿತ್ತು.

ಒಳಗೆ ಸಾಲು ತೊಟ್ಟಿಲುಗಳು. ಅವುಗಳಲ್ಲಿ ಎಷ್ಟು ಕೂಸುಗಳನ್ನು ಬಾಗಿಲು ಮರೆತಿದೆಯೋ! ಯಾರೂ ದಾಟದಂತೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಸಿಸ್ಟರ್, ಸೆಕ್ಯುರಿಟಿಯವರನ್ನ ಕರೀರಿ! ಈ ಬಾಗಿಲನ್ನ ನಂಬಬೇಡಿ!"

"ನೀನೇ ಮಾಡಿದ್ದಲ್ವೇನೇ?" ಎಂದಳು ಅಜ್ಜಿ.

"ಅದಕ್ಕೇ ಹೇಳ್ತಿರೋದು, ಅಜ್ಜೀ."